ಹೇಳಿದ್ದೊಂದು, ಮಾಡಿಸಿದ್ದೊಂದು

ವಿದ್ಯಾಭ್ಯಾಸ ಮುಗಿಯುವುದಕ್ಕೂ ಉದ್ಯೋಗ ದೊರೆಯುವುದಕ್ಕೂ ನಡುವೆ ಈಚಿನ ವರ್ಷಗಳಲ್ಲಿ ಒಂದು ಹೊಸ ಘಟ್ಟ ಬಂದು ನಿಂತಿದೆ. ಇಂಟರ್ನ್‌ಶಿಪ್ ಎಂದು ಎಲ್ಲರ ಬಾಯಲ್ಲಿಯೂ ಬಳಕೆಯಾಗಿರುವ ಈ ವ್ಯವಸ್ಥೆಯು ಮೊದಲು ಉತ್ಸಾಹಿಗಳಾದ ಕೆಲವರು ರಜೆಯ ದಿನಗಳಲ್ಲಿ ತಾವಾಗಿಯೇ ಅರಸಿಕೊಂಡು ಹೋಗುತ್ತಿದ್ದ ಐಚ್ಛಿಕ ಅನುಭವವಾಗಿತ್ತು. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯು 2018ರಲ್ಲಿ ಹೊರತಂದ ಮಾದರಿ ಪಠ್ಯಕ್ರಮದಲ್ಲಿ ಅದಕ್ಕೆ ಕ್ರೆಡಿಟ್ಟುಗಳನ್ನು ಗೊತ್ತುಮಾಡಿದ ಮೇಲೆ, ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೇ ಮೊದಲಾದುವು ಅದನ್ನು ಪದವಿಯ ಅವಶ್ಯಾಂಗವನ್ನಾಗಿ ಅಂಗೀಕರಿಸಿದ ಮೇಲೆ, ಕೇಂದ್ರ ಸರ್ಕಾರವೂ 2024ರ ಅಕ್ಟೋಬರ್ 3ರಂದು ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯನ್ನು ಪ್ರಾಯೋಗಿಕವಾಗಿ ಆರಂಭಿಸಿ, ಐದು ವರ್ಷಗಳಲ್ಲಿ ದೇಶದ 500 ದೊಡ್ಡ ಕಂಪನಿಗಳಲ್ಲಿ ಒಂದು ಕೋಟಿ ಯುವಜನರಿಗೆ ಅವಕಾಶ ಕಲ್ಪಿಸುವ ಸಂಕಲ್ಪವನ್ನು ಸಾರಿದ ಮೇಲೆ, ಅದು ಬೇಕಾದರೆ ಮಾಡು ಎಂಬಲ್ಲಿಂದ ಮಾಡದೆ ಗತಿಯಿಲ್ಲ ಎಂಬಲ್ಲಿಗೆ ಬಂದು ಮುಟ್ಟಿದೆ.

ಈ ಬದಲಾವಣೆಯ ಪರಿಣಾಮವು ಶಿಕ್ಷಣಕ್ರಮಕ್ಕೆ ಮಾತ್ರ ಸೀಮಿತವಾದುದಲ್ಲ. ಒಪ್ಪಂದವೆಂಬುದು ಇಬ್ಬರು ತಮ್ಮ ತಮ್ಮ ಹಿತಾಹಿತಗಳನ್ನು ತೂಗಿನೋಡಿ ಸ್ವೇಚ್ಛೆಯಿಂದ ಮಾಡಿಕೊಳ್ಳತಕ್ಕದ್ದೆಂದು ಕಾನೂನು ಭಾವಿಸುತ್ತದೆ. ಆದರೆ ಎಂಟನೆಯ ಸೆಮಿಸ್ಟರಿನ ಅಂಚಿನಲ್ಲಿ ನಿಂತು, ಎಲ್ಲಾದರೂ ಒಂದು ಕಡೆ ಸೇರಿಕೊಳ್ಳದಿದ್ದರೆ ಪದವಿಯೇ ಕೈತಪ್ಪುವುದೆಂಬ ಭೀತಿಯಲ್ಲಿರುವ ವಿದ್ಯಾರ್ಥಿಗೂ, ಒಬ್ಬನು ಬಿಟ್ಟುಹೋದರೆ ನೂರು ಮಂದಿ ಬಾಗಿಲಲ್ಲಿ ಕಾದಿರುವರೆಂಬುದನ್ನು ಬಲ್ಲ ಸಂಸ್ಥೆಗೂ ನಡುವೆ ಅಂಥ ಸಮಬಲ ಎಲ್ಲಿಂದ ಬರಬೇಕು? ಒಂದು ಕೆಲಸ ಕಲಿಸುವೆವೆಂದು ಕರೆದು ಮತ್ತೊಂದಕ್ಕೆ ಹಚ್ಚುವ ರೂಢಿ ಇಷ್ಟು ನಿರಾಯಾಸವಾಗಿ ಬೇರೂರಿರುವುದಕ್ಕೂ, ಮಕ್ಕಳು ಅದನ್ನು ಹಣೆಬರಹವೆಂದು ಸಹಿಸಿಕೊಂಡು ಕೊನೆಯಲ್ಲಿ ಬರುವ ಸರ್ಟಿಫಿಕೇಟನ್ನು ನೆನೆದು ಬಾಯಿ ಮುಚ್ಚಿಕೊಂಡಿರುವುದಕ್ಕೂ ಮೂಲಕಾರಣ ಇದೇ. ಕಾನೂನು ಇವರ ಪಾಲಿಗೆ ಮೂಕವಾಗಿದೆಯೆಂಬ ಭಾವನೆಯೂ ವ್ಯಾಪಕವಾಗಿದೆ. ಅದು ಮೂಕವಾಗಿಲ್ಲ, ಆದರೆ ಇವರು ನಿರೀಕ್ಷಿಸುವ ಕಡೆಯಿಂದ ಅದು ಮಾತನಾಡುವುದಿಲ್ಲ.

ನಮ್ಮ ನೆರೆಮನೆಯವರ ಮಗಳೊಬ್ಬಳು ತುಮಕೂರು ಕಡೆಯ ಕಾಲೇಜಿನಲ್ಲಿ ಓದುತ್ತಿದ್ದಾಗ ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ಡೇಟಾ ಅನಾಲಿಸಿಸ್ ಇಂಟರ್ನ್ ಆಗಿ ಆಯ್ಕೆಯಾದಳು. ಅವಳ ಆಫರ್ ಲೆಟರನ್ನು ನಾನು ಓದಿದ್ದೇನೆ. ಅಂಕಿಅಂಶಗಳನ್ನು ಶುದ್ಧಗೊಳಿಸುವುದು, ಎಸ್‌ಕ್ಯೂಎಲ್ ಬರೆಯುವುದು, ಡ್ಯಾಶ್‌ಬೋರ್ಡ್ ರಚಿಸುವುದು, ವಾರಕ್ಕೊಮ್ಮೆ ತಂಡದ ಮುಂದೆ ವರದಿ ಮಂಡಿಸುವುದು ಎಂಬುದಾಗಿ ನಾಲ್ಕು ಕರ್ತವ್ಯಗಳನ್ನು ಅದರಲ್ಲಿ ಕ್ರಮವಾಗಿ ಕಾಣಿಸಿ, ಐದನೆಯದಾಗಿ, ಸಂಸ್ಥೆಯು ಕಾಲಕಾಲಕ್ಕೆ ವಹಿಸುವ ಇತರ ಕೆಲಸಗಳು ಎಂದು ಒಂದು ಸಾಲನ್ನು ಸೇರಿಸಿದ್ದರು. ಸೇರಿದ ಎರಡನೆಯ ವಾರದಲ್ಲಿಯೇ ಅವಳ ತಲೆಗೊಂದು ಹೆಡ್‌ಸೆಟ್ ಬಂತು, ಮುಂದೆ ಹತ್ತನೆಯ ತರಗತಿಯ ಮಕ್ಕಳ ತಂದೆತಾಯಿಗಳ ಫೋನ್ ನಂಬರುಗಳ ಪಟ್ಟಿ ಬಂತು. ಕೋರ್ಸು ಮಾರಲೆಂದು, ಎದುರಿಗಿಟ್ಟ ಹಾಳೆಯನ್ನು ನೋಡಿಕೊಂಡು ಒಪ್ಪಿಸಬೇಕಾದ ಮಾತುಗಳು. ಪ್ರತಿಯೊಂದು ಕರೆಯಾದ ಮೇಲೆ, ಆಸಕ್ತಿ ಇದೆ, ಮತ್ತೆ ಮಾಡಿ, ಎತ್ತಲಿಲ್ಲ ಎಂಬ ಮೂರು ಕಾಲಮುಗಳಲ್ಲಿ ಒಂದರಲ್ಲಿ ಗುರುತು. ಸಂಜೆ ಎಲ್ಲರೆದುರಿಗೆ ಟಾರ್ಗೆಟ್ಟಿನ ವಿಚಾರಣೆ. ನಿನಗೆ ಕನ್ನಡ ಚೆನ್ನಾಗಿ ಬರುತ್ತದೆ, ಜಿಲ್ಲೆಗಳ ಪಟ್ಟಿ ನಿನ್ನದು ಎಂದು ಮೇಲಿನವರು ಅದನ್ನೊಂದು ಗೌರವವೆಂಬಂತೆ ಅವಳಿಗೆ ವಹಿಸಿದರು.

ಇದಕ್ಕಿಂತಲೂ ಹೆಚ್ಚಾಗಿ ನನ್ನ ಮನಸ್ಸನ್ನು ನೋಯಿಸಿದುದು ಅವಳ ಲಾಗ್‌ಬುಕ್. ವಾರವಾರವೂ ತಾನು ಕಲಿತುದನ್ನು ಬರೆದು ಕಾಲೇಜಿನ ಮಾರ್ಗದರ್ಶಕರ ರುಜು ಪಡೆಯಬೇಕಾಗಿದ್ದ ಆ ಪುಸ್ತಕದಲ್ಲಿ ಅವಳು, ದಿನವಿಡೀ ಕೋರ್ಸು ಮಾರಿದ ವಾರಗಳನ್ನು, ದತ್ತಾಂಶ ಸಂಗ್ರಹಣೆ ಮತ್ತು ವರ್ಗೀಕರಣ ಎಂದು ಬರೆದಿದ್ದಳು. ಸತ್ಯವನ್ನು ಬರೆದರೆ ಕಾಲೇಜು ಇಂಟರ್ನ್‌ಶಿಪ್ಪನ್ನೇ ತಿರಸ್ಕರಿಸೀತೆಂಬ ಅಂಜಿಕೆ ಅವಳದು. ಅನ್ಯಾಯಕ್ಕೆ ಒಳಗಾದವಳೇ ಆ ಅನ್ಯಾಯದ ಕುರುಹನ್ನು ತನ್ನ ಕೈಯಾರೆ ಅಳಿಸುವಂತಾಗುವುದು ಈ ವ್ಯವಸ್ಥೆಯ ಅತ್ಯಂತ ಕ್ರೂರವಾದ ಲಕ್ಷಣವೆಂದು ನಾನು ಭಾವಿಸುತ್ತೇನೆ. ಮುಂದೆ ಯಾವ ಅಧಿಕಾರಿಯ ಎದುರಿಗೆ ಹೋದರೂ ಎದುರು ಪಕ್ಷದವರು ಮೊದಲು ತೆಗೆದು ತೋರಿಸುವುದು ಆ ಪುಸ್ತಕವನ್ನೇ.

ಇಂಥ ಸ್ಥಿತಿಯಲ್ಲಿ ಸಿಲುಕಿದವರು ವಕೀಲರನ್ನು ಮೊದಲು ಕೇಳುವ ಪ್ರಶ್ನೆ, ಹೇಳಿದ ಕೆಲಸವನ್ನೇ ಕೊಡಿರೆಂದು ಕೋರ್ಟಿನಿಂದ ಆಜ್ಞೆ ತರಬಹುದೆ ಎಂಬುದು. ಸಾಮಾನ್ಯವಾಗಿ ತರಲಾಗದು. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 14ನೆಯ ಕಲಂ, ಪಕ್ಷಗಾರರ ವೈಯಕ್ತಿಕ ಅರ್ಹತೆಗಳನ್ನು ಅವಲಂಬಿಸಿರುವ ಕರಾರುಗಳನ್ನೂ, ನ್ಯಾಯಾಲಯವು ನಿಂತು ಮೇಲ್ವಿಚಾರಣೆ ನಡೆಸಲಾಗದಂಥ ನಿರಂತರ ಕರ್ತವ್ಯಗಳನ್ನೂ ಬಲವಂತದಿಂದ ಈಡೇರಿಸುವ ಅಧಿಕಾರದಿಂದ ಹೊರಗಿಟ್ಟಿದೆ. ಇದರಲ್ಲಿ ವಿವೇಕವಿಲ್ಲದಿಲ್ಲ. ಮನಸ್ಸಿಲ್ಲದ ಯಜಮಾನನಿಂದ ವಿದ್ಯೆಯನ್ನು ಜಪ್ತಿ ಮಾಡಿಸಿ ತರಲು ಯಾವ ಅಮೀನನಿಂದಲೂ ಸಾಧ್ಯವಿಲ್ಲವಷ್ಟೆ. ಆದ್ದರಿಂದ ಕಾನೂನು ಕೊಡಬಲ್ಲುದು ಹಣವನ್ನು, ಬಿಡುಗಡೆಯನ್ನು, ಕೆಲವು ಸಂದರ್ಭಗಳಲ್ಲಿ ಶಿಕ್ಷೆಯನ್ನು; ಕಲಿಕೆಯನ್ನಲ್ಲ. ಈ ಮಿತಿಯನ್ನು ಆರಂಭದಲ್ಲಿಯೇ ಅರಿತುಕೊಂಡವನು ವೃಥಾ ಅಲೆದಾಟದಿಂದ ಪಾರಾಗುತ್ತಾನೆ.

ಈ ಮಿತಿಯೊಳಗೆ ಮುಂದಿನ ದಾರಿಯೆಲ್ಲವೂ ಒಂದೇ ಪ್ರಶ್ನೆಯ ಉತ್ತರವನ್ನು ಅವಲಂಬಿಸಿದೆ. ಇಂಟರ್ನ್ ಎಂಬ ಹೆಸರಿನ ಒಬ್ಬ ಪ್ರತ್ಯೇಕ ವ್ಯಕ್ತಿಯನ್ನು ನಮ್ಮ ಕಾನೂನುಗಳು ಸಾಮಾನ್ಯವಾಗಿ ಗುರುತಿಸುವುದೇ ಇಲ್ಲ. ಅವು ಕಾಣುವುದು ಕಾಯ್ದೆಯಂತೆ ನೋಂದಣಿಯಾದ ಅಪ್ರೆಂಟಿಸನನ್ನು, ಅಥವಾ ಬೇರೆ ಹೆಸರಿನಲ್ಲಿ ದುಡಿಯುತ್ತಿರುವ ನೌಕರನನ್ನು, ಅಥವಾ ಹಣ ತೆತ್ತು ತರಬೇತಿಯನ್ನು ಕೊಂಡ ಗ್ರಾಹಕನನ್ನು, ಇವರಾರೂ ಅಲ್ಲದಿದ್ದರೆ ಬರಿಯ ಕರಾರಿನ ಒಬ್ಬ ಪಕ್ಷಗಾರನನ್ನು. ಕಾಗದದ ಮೇಲಿನ ಹೆಸರನ್ನು ನಂಬದೆ, ನಡೆದ ವ್ಯವಹಾರವನ್ನು ನೋಡಿ ತಾನು ಇವರಲ್ಲಿ ಯಾರೆಂಬುದನ್ನು ನಿರ್ಧರಿಸಿಕೊಳ್ಳುವುದೇ ಮೊದಲ ಕೆಲಸ.

ಇವರೊಳಗೆ ಅತ್ಯಂತ ಸ್ಪಷ್ಟವಾದ ರಕ್ಷಣೆಯಿರುವುದು ಅಪ್ರೆಂಟಿಸನಿಗೆ. ಕಸಬು ಕಲಿಸುವೆನೆಂದು ಒಪ್ಪಿಕೊಂಡವನು ಕಲಿಸಲೇಬೇಕೆಂಬ ಭಾವನೆ ನಮ್ಮ ಶಾಸನಗಳಿಗೆ ಹೊಸದಲ್ಲ. ಅನಾಥರೂ ಬಡವರೂ ಆದ ಮಕ್ಕಳಿಗೆ ವೃತ್ತಿಶಿಕ್ಷಣ ದೊರಕಿಸುವ ಉದ್ದೇಶದಿಂದ 1850ರಷ್ಟು ಹಿಂದೆಯೇ ಒಂದು ಕಾಯ್ದೆ ಬಂದಿತ್ತು. ಅದರ ಸ್ಥಾನದಲ್ಲಿ ಬಂದ 1961ರ ಅಪ್ರೆಂಟಿಸ್ ಕಾಯ್ದೆಯು, ತರಬೇತಿಯ ಕರಾರನ್ನು ಲಿಖಿತವಾಗಿ ಮಾಡಿ ನೋಂದಾಯಿಸತಕ್ಕದ್ದೆಂದೂ, ಗೊತ್ತಾದ ವೃತ್ತಿಯಲ್ಲಿಯೇ ತರಬೇತಿ ಕೊಡುವುದು ಮಾಲಿಕನ ಹೊಣೆಯೆಂದೂ ವಿಧಿಸಿರುವುದಲ್ಲದೆ, ತರಬೇತಿಗೆ ಸಂಬಂಧಪಡದ ಕೆಲಸಕ್ಕೆ ಅಪ್ರೆಂಟಿಸನನ್ನು ಹಚ್ಚುವುದನ್ನೇ ದಂಡನೀಯವಾದ ಅಪರಾಧವನ್ನಾಗಿ ತನ್ನ 30ನೆಯ ಕಲಮಿನಲ್ಲಿ ಹೆಸರಿಸಿದೆ. ಹೇಳಿದ್ದೊಂದು ಮಾಡಿಸಿದ್ದೊಂದು ಎಂಬ ದೂರಿಗೆ ಇಷ್ಟು ನೇರವಾಗಿ ಉತ್ತರ ಕೊಡುವ ವಾಕ್ಯ ಬೇರೆ ಯಾವ ಕಾಯ್ದೆಯಲ್ಲಿಯೂ ನನ್ನ ಕಣ್ಣಿಗೆ ಬಿದ್ದಿಲ್ಲ. ವಿವಾದ ಹುಟ್ಟಿದರೆ ಕೋರ್ಟಿನ ಮೆಟ್ಟಿಲು ಹತ್ತಬೇಕಾಗಿಲ್ಲ. 20ನೆಯ ಕಲಮಿನಂತೆ ಅಪ್ರೆಂಟಿಸ್‌ಶಿಪ್ ಸಲಹಾಧಿಕಾರಿಯೇ ಅದನ್ನು ತೀರ್ಮಾನಿಸತಕ್ಕವನು, ಆತನ ನಿರ್ಣಯ ಒಪ್ಪಿಗೆಯಾಗದಿದ್ದರೆ ಮೂವತ್ತು ದಿನಗಳೊಳಗೆ ಅಪ್ರೆಂಟಿಸ್‌ಶಿಪ್ ಮಂಡಳಿಗೆ ಮೇಲ್ಮನವಿ ಸಲ್ಲಿಸಬಹುದು. ಮಾಲಿಕನು ಷರತ್ತುಗಳನ್ನು ಪಾಲಿಸದುದರ ಕಾರಣದಿಂದ ಕರಾರು ಕೊನೆಗೊಂಡರೆ, 1992ರ ನಿಯಮಗಳ ಪ್ರಕಾರ ಕೊನೆಯದಾಗಿ ಪಡೆದ ಸ್ಟೈಪೆಂಡಿನ ಮೂರು ತಿಂಗಳ ಮೊತ್ತವನ್ನು ಪರಿಹಾರವಾಗಿ ಕೊಡಬೇಕಾಗುತ್ತದೆ. ಪದವೀಧರರು ಮತ್ತು ಡಿಪ್ಲೊಮಾ ಪಡೆದವರ ಮಟ್ಟಿಗೆ ಕರ್ನಾಟಕದ ಮೇಲ್ವಿಚಾರಣೆ ಚೆನ್ನೈನಲ್ಲಿರುವ ದಕ್ಷಿಣ ವಲಯದ ಅಪ್ರೆಂಟಿಸ್‌ಶಿಪ್ ತರಬೇತಿ ಮಂಡಳಿಯದು.

ಆದರೆ ಈ ರಕ್ಷಣೆಗೆ ಒಂದು ಪ್ರವೇಶದ್ವಾರವಿದೆ, ಅದು ನೋಂದಣಿ. ಸರ್ಕಾರದ ಪೋರ್ಟಲಿನಲ್ಲಿ ನೋಂದಾಯಿತವಾದ ಕರಾರಿನ ಸಂಖ್ಯೆ ಕೈಯಲ್ಲಿಲ್ಲದಿದ್ದರೆ ಒಬ್ಬನು ತನ್ನನ್ನು ಏನೆಂದು ಕರೆದುಕೊಂಡರೂ ಈ ಕಾಯ್ದೆಯ ಅಪ್ರೆಂಟಿಸ್ ಆಗುವುದಿಲ್ಲ. ಬೆಂಗಳೂರಿನ ಸ್ಟಾರ್ಟ್‌ಅಪ್ಪುಗಳು ಇ-ಮೇಲಿನಲ್ಲಿ ಕಳುಹಿಸುವ ಆಫರ್ ಲೆಟರುಗಳಿಗೆ ಬಹುಮಟ್ಟಿಗೆ ಅಂಥ ನೋಂದಣಿಯೇ ಇರುವುದಿಲ್ಲ. ಹಾಗೆ ನೋಂದಣಿ ಮಾಡಿಸದ ಸಂಸ್ಥೆಯು ಒಂದು ಹೊಣೆಯಿಂದ ತಪ್ಪಿಸಿಕೊಂಡೆನೆಂದು ಭಾವಿಸಬಹುದಾದರೂ, ಅದರಿಂದಲೇ ಮತ್ತೊಂದು ಹೊಣೆಯ ಬಾಗಿಲು ತೆರೆಯುತ್ತದೆಂಬುದನ್ನು ಗಮನಿಸತಕ್ಕದ್ದು. ಅದೆಂತೆಂದರೆ, ಅಪ್ರೆಂಟಿಸನು ಕಲಿಯುವವನೇ ಹೊರತು ಕಾರ್ಮಿಕನಲ್ಲವೆಂದು ಹೇಳಿ ಮಾಲಿಕನನ್ನು ಕಾಪಾಡುವುದು ಅದೇ 1961ರ ಕಾಯ್ದೆಯ 18ನೆಯ ಕಲಂ. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ 2019ರ ವೇತನ ಸಂಹಿತೆಯೂ ನೌಕರ ಎಂಬ ವ್ಯಾಖ್ಯೆಯಿಂದ ಹೊರಗಿಟ್ಟಿರುವುದು ಆ ಕಾಯ್ದೆಯಂತೆ ನೇಮಕವಾದ ಅಪ್ರೆಂಟಿಸನನ್ನು ಮಾತ್ರವೇ. ನೋಂದಣಿಯ ಕೊಡೆಯನ್ನು ಬಿಚ್ಚದೆ ಮಳೆಗೆ ಇಳಿದವನು ನೆನೆಯದೆ ಇರಲಾರನು. ಕಲಿಸದೆ ದುಡಿಸಿಕೊಂಡ ಸಂಸ್ಥೆಯ ವಿರುದ್ಧ, ನಾನು ಕಲಿಯಲು ಬಂದವನಾದರೂ ನೀವು ಮಾಡಿಸಿದ್ದು ನೌಕರಿಯನ್ನು, ಆದಕಾರಣ ನೌಕರನ ವೇತನವನ್ನು ಕೊಡಿರಿ ಎಂದು ಕೇಳುವ ವಾದಕ್ಕೆ ಇಲ್ಲಿ ಅವಕಾಶವುಂಟು.

ಈ ವಾದದ ಬೇರು ಒಂದು ಉಪ್ಪಿನ ಗದ್ದೆಯಲ್ಲಿದೆ. ಕಚ್ಛದ ರಣದಲ್ಲಿ ಧ್ರಾಂಗಧ್ರಾ ಕೆಮಿಕಲ್ ವರ್ಕ್ಸ್ ಎಂಬ ಕಂಪನಿಗಾಗಿ ಉಪ್ಪು ಬೆಳೆಯುತ್ತಿದ್ದ ಅಗರಿಯಾ ಎಂಬ ಜನರು, ಋತುವಿನ ಆರಂಭದಲ್ಲಿ ತಮ್ಮ ಪಾಲಿಗೆ ಬಂದ ಪಟ್ಟಾ ಭೂಮಿಯಲ್ಲಿ ಹೆಂಡಿರು ಮಕ್ಕಳೊಡನೆ ಬೀಡುಬಿಟ್ಟು, ಬೇಕಾದಾಗ ಬೇರೆ ಕೂಲಿಯವರನ್ನು ತಾವೇ ಕರೆತಂದು, ಉಪ್ಪಿನ ತೂಕಕ್ಕೆ ತಕ್ಕ ಹಣವನ್ನು ಪಡೆಯುತ್ತಿದ್ದರು. ಅವರಿಗೆ ಹಾಜರಿ ಪುಸ್ತಕವಿರಲಿಲ್ಲ, ಕೆಲಸದ ವೇಳೆಯ ಕಟ್ಟುಪಾಡಿರಲಿಲ್ಲ. ಇವರು ಸ್ವತಂತ್ರ ಗುತ್ತಿಗೆದಾರರು, ನಮ್ಮ ಕೆಲಸಗಾರರಲ್ಲ ಎಂಬುದು ಕಂಪನಿಯ ನಿಲುವು. ಸರ್ವೋಚ್ಚ ನ್ಯಾಯಾಲಯವು ಆ ಹೆಸರಿಗೆ ಮಣಿಯಲಿಲ್ಲ. ಕೆಲಸದ ಆದಿಯಿಂದ ಅಂತ್ಯದವರೆಗೆ ಹಂತಹಂತದಲ್ಲಿಯೂ ಕಂಪನಿಯ ಅಧಿಕಾರಿಗಳ ಮೇಲ್ವಿಚಾರಣೆ ಮತ್ತು ನಿಯಂತ್ರಣ ಇದ್ದುದನ್ನು ಕಂಡು, ಕೆಲಸವನ್ನು ಹೇಗೆ ಮಾಡಬೇಕೆಂಬುದನ್ನು ಆಜ್ಞಾಪಿಸುವ ಹಕ್ಕು ಯಾರದೋ ಅವರೇ ಯಜಮಾನರೆಂಬ ತತ್ತ್ವವನ್ನು ಮುಂದಿಟ್ಟು, ಅಗರಿಯಾಗಳು ಕಾರ್ಮಿಕರೇ ಎಂಬ ನಿರ್ಣಯವನ್ನು ಅದು ಎತ್ತಿಹಿಡಿಯಿತು. 1957ರ ವರದಿಗಳಲ್ಲಿ ಅಚ್ಚಾದ ಆ ತೀರ್ಪಿನ ಬಳಿಕ ನ್ಯಾಯಾಲಯಗಳು ನಿಯಂತ್ರಣದ ಜೊತೆಗೆ ಬೇರೆ ಅಂಶಗಳನ್ನೂ ತೂಗುವ ಕ್ರಮವನ್ನು ಬೆಳೆಸಿವೆಯಾದರೂ, ಹೆಸರಿಗಿಂತ ವಸ್ತುಸ್ಥಿತಿ ದೊಡ್ಡದೆಂಬ ಮಾತು ಮಾತ್ರ ಅಲುಗಿಲ್ಲ. ಯಾವ ಊರಿನ ಯಾವ ನಂಬರಿಗೆ ಎಷ್ಟು ಹೊತ್ತಿಗೆ ಕರೆಮಾಡಬೇಕು, ಯಾವ ವಾಕ್ಯದಿಂದ ಮೊದಲಿಡಬೇಕು ಎಂಬುದನ್ನೆಲ್ಲ ಮೇಲಿನವರು ಗೊತ್ತುಮಾಡಿ, ಸಂಜೆ ಲೆಕ್ಕ ಕೇಳುವ ಕಡೆ, ಹೆಡ್‌ಸೆಟ್ ಧರಿಸಿ ಕುಳಿತ ವಿದ್ಯಾರ್ಥಿನಿಯು ಅಗರಿಯಾಗಳಿಗಿಂತ ಎಷ್ಟು ಪಾಲು ಸ್ವತಂತ್ರಳು?

ಕರ್ನಾಟಕದವರಿಗೆ ಇನ್ನೊಂದು ಆಸರೆಯೂ ಇದೆ. ಕೇಂದ್ರದ ಅಪ್ರೆಂಟಿಸ್ ಕಾಯ್ದೆ ಹುಟ್ಟಿದ 1961ರಲ್ಲಿಯೇ ಅಂದಿನ ಮೈಸೂರು ರಾಜ್ಯವು ಮಾಡಿದ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯು, ದುಡಿಮೆಗೆ ಪ್ರತಿಫಲವೇ ದೊರೆಯದವನನ್ನೂ, ಅಪ್ರೆಂಟಿಸನನ್ನೂ ನೌಕರ ಎಂಬ ತನ್ನ ವ್ಯಾಖ್ಯೆಯೊಳಗೆ ಸೇರಿಸಿಕೊಂಡಿದೆ. ಇಂದಿನ ಸಾಫ್ಟ್‌ವೇರ್ ಕಚೇರಿಗಳೂ ಅದರ ವ್ಯಾಪ್ತಿಗೆ ಬರತಕ್ಕವು. ದಿನಕ್ಕೆ ಒಂಬತ್ತು, ವಾರಕ್ಕೆ ನಲವತ್ತೆಂಟು ಗಂಟೆಗಳ ಮಿತಿಯೂ, ನೇಮಕಾತಿಯ ಆದೇಶವನ್ನು ಬರಹದಲ್ಲಿ ಕೊಡಬೇಕೆಂಬ ವಿಧಿಯೂ ಆ ಕಾಯ್ದೆಯಲ್ಲಿವೆ; ಇಂಟರ್ನ್ ಎಂಬ ಕಾರಣಕ್ಕಾಗಿ ರಾತ್ರಿ ಹತ್ತರವರೆಗೆ ಕೂಡಿಸಿಕೊಳ್ಳುವ ಪದ್ಧತಿಗೆ ಅದರ ಸಮ್ಮತಿಯಿಲ್ಲ. ಕೆಲಸದ ಸ್ಥಳದಲ್ಲಿ ಮಹಿಳೆಯರ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕಾಯ್ದೆಯಂತೂ ತರಬೇತಿಯವರು, ಅಪ್ರೆಂಟಿಸರು, ಸಂಭಾವನೆಯಿಲ್ಲದೆ ದುಡಿಯುವವರು ಎಲ್ಲರನ್ನೂ ತನ್ನ ಆಶ್ರಯಕ್ಕೆ ತೆಗೆದುಕೊಂಡಿದೆ. ಒಪ್ಪಿಕೊಂಡ ಸ್ಟೈಪೆಂಡೂ ಬಾರದೆ, ದುಡಿಮೆ ಮಾತ್ರ ನೌಕರನಷ್ಟೇ ನಡೆದಿದ್ದಲ್ಲಿ, ವೇತನ ಸಂಹಿತೆಯ 45ನೆಯ ಕಲಮಿನ ಪ್ರಾಧಿಕಾರದ ಮುಂದೆ ಮೂರು ವರ್ಷಗಳೊಳಗೆ ಹಕ್ಕುಕೇಳಿಕೆ ಸಲ್ಲಿಸಬಹುದು. ಆ ಪ್ರಾಧಿಕಾರವು ಬಾಕಿಯ ಜೊತೆಗೆ, ಸಂದರ್ಭವನ್ನು ನೋಡಿ, ಅದರ ಹತ್ತರಷ್ಟರವರೆಗೆ ಪರಿಹಾರವನ್ನೂ ವಿಧಿಸಬಲ್ಲುದು. ಹಣ ಕೊಟ್ಟೆನೆಂದು ರುಜುವಾತುಪಡಿಸುವ ಭಾರವಾದರೋ ಮಾಲಿಕನ ಮೇಲಿದೆ. ವಿದ್ಯಾರ್ಥಿಯು ನೌಕರನೇ ಎಂಬುದನ್ನು ಮೊದಲು ಸ್ಥಾಪಿಸಬೇಕಾದುದು ಇಲ್ಲಿನ ಕಷ್ಟ, ಮತ್ತು ಅದು ಸಣ್ಣ ಕಷ್ಟವಲ್ಲ.

ದುಡಿದು ಹಣ ಪಡೆಯಬೇಕಾದವರೇ ಹಣ ಕೊಟ್ಟು ದುಡಿಯಲು ಹೋಗುವ ಮತ್ತೊಂದು ವರ್ಗವಿದೆ. ಇಷ್ಟು ಸಾವಿರ ಕಟ್ಟಿದರೆ ಲೈವ್ ಪ್ರಾಜೆಕ್ಟ್, ತಜ್ಞರ ಮಾರ್ಗದರ್ಶನ, ಕೊನೆಗೆ ಸರ್ಟಿಫಿಕೇಟ್ ಎಂದು ಜಾಹೀರಾತು ಕೊಟ್ಟು, ಹಣ ಸೇರಿದ ಮೇಲೆ ನಾಲ್ಕಾರು ಹಳೆಯ ವೀಡಿಯೊಗಳ ಲಿಂಕು ಕಳುಹಿಸಿ ಕೈತೊಳೆದುಕೊಳ್ಳುವ ಸಂಸ್ಥೆಗಳು ಇವರನ್ನು ಹಿಡಿಯುತ್ತವೆ. ವಿಚಿತ್ರವೆಂದರೆ, ಎಲ್ಲ ವರ್ಗದವರಲ್ಲಿ ಸುಗಮವಾದ ದಾರಿ ಇರುವುದು ಹೀಗೆ ಹಣ ಕೊಟ್ಟವರಿಗೇ. ಶುಲ್ಕ ತೆತ್ತು ಸೇವೆ ಪಡೆದವನು ಗ್ರಾಹಕನಾದ್ದರಿಂದ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಸೇವಾನ್ಯೂನತೆಗಾಗಿಯೂ ಅನುಚಿತ ವ್ಯಾಪಾರ ಪದ್ಧತಿಗಾಗಿಯೂ ಎರಡು ವರ್ಷಗಳೊಳಗೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ಕಂಪನಿಯು ಗುರುಗ್ರಾಮದಲ್ಲಿದ್ದರೂ ದೂರುದಾರನು ತಾನು ವಾಸಿಸುವ ಹಾಸನದಲ್ಲಿಯೋ ಕಲಬುರಗಿಯಲ್ಲಿಯೋ ದೂರು ಹೂಡಬಹುದು. ಐದು ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ವಕೀಲರನ್ನು ಇಟ್ಟುಕೊಳ್ಳಲೇಬೇಕೆಂಬ ನಿರ್ಬಂಧವೂ ಇಲ್ಲ. ಅದಕ್ಕೂ ಮೊದಲು 1915 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಕರೆಮಾಡಿದರೆ ಎಷ್ಟೋ ಸಂದರ್ಭಗಳಲ್ಲಿ ಹಣ ಹಿಂದಿರುಗುವುದುಂಟು. ಶಿಕ್ಷಣವು ಮಾರಾಟದ ಸರಕಲ್ಲ, ಆದ್ದರಿಂದ ಇದು ಗ್ರಾಹಕ ವ್ಯಾಜ್ಯವಲ್ಲ ಎಂಬ ಆಕ್ಷೇಪಣೆಯನ್ನು ಎದುರು ಪಕ್ಷದವರು ಎತ್ತುವರೆಂಬುದು ನಿಶ್ಚಯ, ಮತ್ತು ಆ ಧಾಟಿಯ ತೀರ್ಪುಗಳೂ ಇವೆ. ಆದರೆ ಮಾನ್ಯತೆಯಿಲ್ಲದೆಯೇ ಮಾನ್ಯತೆ ಇದೆಯೆಂದು ಜಾಹೀರಾತು ನೀಡಿ ವಿದ್ಯಾರ್ಥಿಗಳನ್ನು ಸೇರಿಸಿಕೊಂಡ ಪಾಟ್ನಾದ ಬುದ್ಧಿಸ್ಟ್ ಮಿಷನ್ ದಂತ ಕಾಲೇಜನ್ನು 2009ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸೇವಾನ್ಯೂನತೆಗೆ ಹೊಣೆಯಾಗಿಸಿದುದನ್ನು ಮರೆಯತಕ್ಕದ್ದಲ್ಲ. ವಿಶ್ವವಿದ್ಯಾಲಯವೂ ಅಲ್ಲದ, ಕಾಲೇಜೂ ಅಲ್ಲದ ಖಾಸಗಿ ತರಬೇತಿ ವ್ಯಾಪಾರಿಗೆ ಶಿಕ್ಷಣದ ಪಾವಿತ್ರ್ಯದ ಮರೆ ಸಲ್ಲದೆಂಬುದು ನನ್ನ ದೃಢವಾದ ಅಭಿಪ್ರಾಯ.

ಇನ್ನುಳಿದುದು ಬರಿಯ ಕರಾರು. 1872ರ ಕರಾರು ಕಾಯ್ದೆ ಒಂದೂವರೆ ಶತಮಾನದ ಹಳೆಯದಾದರೂ ಈ ಪ್ರಶ್ನೆಗೆ ಅದರಲ್ಲಿ ಆಶ್ಚರ್ಯಕರವಾದ ಸಿದ್ಧತೆಯಿದೆ. ಈಡೇರಿಸುವ ಉದ್ದೇಶವೇ ಇಲ್ಲದೆ ಮಾಡಿದ ವಾಗ್ದಾನವನ್ನು ಅದರ 17ನೆಯ ಕಲಂ ವಂಚನೆಯೆಂದು ಕರೆಯುತ್ತದೆ. ಹಾಗೆ ಸಮ್ಮತಿ ಪಡೆದಲ್ಲಿ, ಮೋಸಹೋದವನು ಕರಾರನ್ನು ರದ್ದುಪಡಿಸಬಹುದು, ಅಥವಾ ಹೇಳಿದ ಮಾತು ನಿಜವಾಗಿದ್ದಿದ್ದರೆ ತಾನು ಯಾವ ಸ್ಥಿತಿಯಲ್ಲಿರುತ್ತಿದ್ದೆನೋ ಆ ಸ್ಥಿತಿಗೆ ತನ್ನನ್ನು ತರಬೇಕೆಂದು ಕೇಳಬಹುದು ಎಂದು 19ನೆಯ ಕಲಂ ಹೇಳುತ್ತದೆ. ಇತರ ಕೆಲಸಗಳು ಎಂಬ ಆ ಐದನೆಯ ಸಾಲನ್ನು ಸಂಸ್ಥೆಯು ಗುರಾಣಿಯಾಗಿ ಹಿಡಿಯುವುದು ಇಲ್ಲಿ. ಆದರೆ ನಿರ್ದಿಷ್ಟವಾದ ಮಾತುಗಳ ಬೆನ್ನಿಗೆ ಬರುವ ಸಾಮಾನ್ಯವಾದ ಮಾತನ್ನು ಆ ನಿರ್ದಿಷ್ಟ ಮಾತುಗಳ ಜಾತಿಗೆ ಸೇರಿದುದೆಂದೇ ಓದತಕ್ಕದ್ದೆಂಬುದೂ, ಸಂದೇಹವಿರುವ ವಾಕ್ಯವನ್ನು ಬರೆದವನಿಗೆ ವಿರುದ್ಧವಾಗಿ ಅರ್ಥೈಸತಕ್ಕದ್ದೆಂಬುದೂ ನ್ಯಾಯಾಲಯಗಳ ಹಳೆಯ ಸೂತ್ರಗಳು. ನಾಲ್ಕು ಕರ್ತವ್ಯಗಳ ನಡುನಡುವೆ ಒಂದೆರಡು ಬಿಡಿ ಕೆಲಸ ಹೇಳಲು ಆ ಸಾಲು ಅನುಮತಿ ಕೊಡಬಹುದು. ನಾಲ್ಕನ್ನೂ ನುಂಗಿಹಾಕಲು ಕೊಡದು.

ಪರಿಹಾರವೆಷ್ಟು ಎಂಬಲ್ಲಿ ಮಾತ್ರ ಈ ಕಾಯ್ದೆ ನನ್ನನ್ನು ನಿರಾಶೆಗೊಳಿಸುತ್ತದೆ. 73ನೆಯ ಕಲಮಿನಂತೆ, ಕರಾರು ಮುರಿದುದರಿಂದ ಸಹಜವಾಗಿ ಉಂಟಾದ, ಅಥವಾ ಕರಾರು ಮಾಡುವಾಗಲೇ ಎರಡೂ ಪಕ್ಷದವರು ಅರಿತಿದ್ದ ನಷ್ಟಕ್ಕೆ ಮಾತ್ರ ಹಣ. ದೂರದ, ಪರೋಕ್ಷವಾದ ನಷ್ಟಕ್ಕಿಲ್ಲ. ಬಾಕಿ ಸ್ಟೈಪೆಂಡನ್ನು ಕೇಳಬಹುದು. ಆ ಕೆಲಸಕ್ಕಾಗಿಯೇ ಊರು ಬಿಟ್ಟು ಬಂದು ಪಿ.ಜಿ.ಗೆ ಕಟ್ಟಿದ ಹಣವನ್ನು ಸಂಸ್ಥೆಗೆ ತಿಳಿದಿತ್ತೆಂದು ತೋರಿಸಿ ಕೇಳಬಹುದು. ಆದರೆ ಕಲಿಯದೆ ಹೋದ ವಿದ್ಯೆ, ಆ ವಿದ್ಯೆಯಿಲ್ಲದ್ದರಿಂದ ಸಂದರ್ಶನದಲ್ಲಿ ತಡವರಿಸಿದ ಮಾತು, ಕೈತಪ್ಪಿದ ಮೊದಲ ನೌಕರಿ, ಇವುಗಳಿಗೆ ಬೆಲೆ ಕಟ್ಟುವ ಅಳತೆ ಅದರಲ್ಲಿಲ್ಲ. ಯೌವನದ ಆರು ತಿಂಗಳು ವ್ಯರ್ಥವಾದುದನ್ನು ಶೂನ್ಯವೆಂದು ಎಣಿಸುವ ಕಾನೂನು ಸಮರ್ಪಕವೆಂದು ನಾನು ಒಪ್ಪಲಾರೆ. ಅಪ್ರೆಂಟಿಸನಿಗೆ ಇರುವಂತೆ ಇಂಟರ್ನಿಗೂ ಮೂರು ತಿಂಗಳ ಸ್ಟೈಪೆಂಡಿನಷ್ಟಾದರೂ ನಿಶ್ಚಿತ ಪರಿಹಾರವನ್ನು ಶಾಸನವು ಗೊತ್ತುಮಾಡಿದ್ದರೆ, ನಷ್ಟವನ್ನು ರುಜುವಾತುಪಡಿಸುವ ಈ ಅಸಾಧ್ಯ ಹೊರೆ ವಿದ್ಯಾರ್ಥಿಯ ತಲೆಯ ಮೇಲೆ ಬೀಳುತ್ತಿರಲಿಲ್ಲ.

ಬಿಟ್ಟುಹೋದರೆ ಇಷ್ಟು ಲಕ್ಷ ಕಟ್ಟಬೇಕೆಂಬ ಬಾಂಡಿನ ಬೆದರಿಕೆಗೆ ಅನೇಕರು ಅತಿಯಾಗಿ ಅಂಜುತ್ತಾರೆ. ಮಂಗಳೂರಿನಲ್ಲಿ ಹುಟ್ಟಿ 2019ರಲ್ಲಿ ಬ್ಯಾಂಕ್ ಆಫ್ ಬರೋಡದಲ್ಲಿ ಸೇರಿಹೋದ ವಿಜಯಾ ಬ್ಯಾಂಕಿನ ಪ್ರಕರಣವೊಂದರಲ್ಲಿ, ಮೂರು ವರ್ಷ ಪೂರೈಸದೆ ಹೋಗುವ ಅಧಿಕಾರಿಯು ಎರಡು ಲಕ್ಷ ರೂಪಾಯಿ ತೆರಬೇಕೆಂಬ ಷರತ್ತನ್ನು ಸರ್ವೋಚ್ಚ ನ್ಯಾಯಾಲಯವು 2025ರ ಮೇ ತಿಂಗಳಲ್ಲಿ, ಕರ್ನಾಟಕ ಹೈಕೋರ್ಟಿನ ತೀರ್ಪನ್ನು ತಳ್ಳಿಹಾಕಿ, ಎತ್ತಿಹಿಡಿದುದು ನಿಜ. ಆದರೆ ಅಲ್ಲಿದ್ದುದು ಸಾರ್ವಜನಿಕ ಆಯ್ಕೆಯ ವೆಚ್ಚವನ್ನು ಹೊತ್ತ ಸರ್ಕಾರಿ ಬ್ಯಾಂಕು, ತಕ್ಕ ಸಂಬಳ ಪಡೆಯುತ್ತಿದ್ದ ಹಿರಿಯ ಅಧಿಕಾರಿ. ಕರಾರಿನಲ್ಲಿ ಎಷ್ಟೇ ದೊಡ್ಡ ಮೊತ್ತ ಬರೆದಿದ್ದರೂ 74ನೆಯ ಕಲಮಿನಂತೆ ದೊರೆಯುವುದು ನ್ಯಾಯವಾದ ಪರಿಹಾರ ಮಾತ್ರ. ತರಬೇತಿಯನ್ನೇ ಕೊಡದ ಸಂಸ್ಥೆಯು ತರಬೇತಿಯ ವೆಚ್ಚವನ್ನು ಹೇಗೆ ಲೆಕ್ಕ ತೋರಿಸೀತು? ಮೊದಲು ಮಾತು ತಪ್ಪಿದವರು ತಾವೇ ಆಗಿರುವಾಗ ಮತ್ತೊಬ್ಬರನ್ನು ಮಾತಿಗೆ ಕಟ್ಟಿಹಾಕುವ ಅವರ ಹಕ್ಕು ಬಹಳ ದುರ್ಬಲ.

ಪೊಲೀಸರ ಬಳಿಗೆ ಹೋಗುವ ವಿಚಾರದಲ್ಲಿ ನಿಧಾನ ಒಳ್ಳೆಯದು. ಸಂಸ್ಥೆಯೇ ಸುಳ್ಳು, ಕಚೇರಿಯೇ ಇಲ್ಲ, ಠೇವಣಿಯ ಹೆಸರಿನಲ್ಲಿ ಹಣ ಕಿತ್ತುಕೊಂಡು ಮಾಯವಾದರು ಎಂಬಂಥಲ್ಲಿ ಭಾರತೀಯ ನ್ಯಾಯ ಸಂಹಿತೆಯ 318ನೆಯ ಕಲಮಿನ ವಂಚನೆಯ ದೂರೂ, ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿಯಾದ 1930ಕ್ಕೆ ಕರೆಯೂ ಸರಿಯಾದ ದಾರಿ. ಆರಂಭದಲ್ಲಿಯೇ ಮೋಸದ ಉದ್ದೇಶವಿಲ್ಲದೆ ಬರಿದೆ ಮಾತು ತಪ್ಪಿದುದು ಅಪರಾಧವಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಮತ್ತೆಮತ್ತೆ ಹೇಳಿರುವುದರಿಂದ, ಉಳಿದವರಿಗೆ ಆ ಬಾಗಿಲು ಬಹುತೇಕ ಮುಚ್ಚಿದೆ.

ಯಾವ ದಾರಿ ಹಿಡಿದರೂ ಕೈಯಲ್ಲಿರಬೇಕಾದುದು ಬರಹ. ಇ-ಮೇಲಿನಲ್ಲಿ ಬಂದ ಆಫರ್ ಲೆಟರು ಕರಾರಲ್ಲವೆಂದು ಯಾರೂ ತಳ್ಳಿಹಾಕುವಂತಿಲ್ಲ. ಇಲೆಕ್ಟ್ರಾನಿಕ್ ಮಾರ್ಗದಲ್ಲಿ ಆದ ಕರಾರು ಆ ಕಾರಣಕ್ಕಾಗಿ ಅಸಿಂಧುವಾಗದೆಂದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಕಲಂ ಹೇಳುತ್ತದೆ. ಮೂಲ ಜಾಹೀರಾತಿನ ಸ್ಕ್ರೀನ್‌ಶಾಟ್, ಎಚ್.ಆರ್. ಜೊತೆಗಿನ ವಾಟ್ಸ್ಆ್ಯಪ್ ಸಂಭಾಷಣೆ, ದಿನದಿನದ ಕೆಲಸ ಹಂಚಿಕೆಯ ಸಂದೇಶ, ಇವೆಲ್ಲವೂ 2023ರ ಸಾಕ್ಷ್ಯ ಅಧಿನಿಯಮದ 63ನೆಯ ಕಲಂ ಬೇಡುವ ಪ್ರಮಾಣಪತ್ರದೊಡನೆ ಸಾಕ್ಷ್ಯವಾಗಬಲ್ಲವು. ಆದಕಾರಣ ಫೋನು ಬದಲಾಯಿಸುವಾಗ ಹಳೆಯದನ್ನು ಮಾರಿಬಿಡಬಾರದು. ಕೆಲಸ ದಾರಿತಪ್ಪಿದ ಮೊದಲ ವಾರದಲ್ಲಿಯೇ ಮೇಲಿನವರಿಗೆ ಸೌಮ್ಯವಾದ ಒಂದು ಇ-ಮೇಲ್ ಬರೆದು, ಆಫರ್ ಲೆಟರಿನ ಕರ್ತವ್ಯಗಳನ್ನು ಎತ್ತಿ ಹೇಳಿ, ಈಗ ವಹಿಸಿರುವ ಕೆಲಸವನ್ನು ವಿವರಿಸಿ, ಯಾವ ದಿನಾಂಕದಿಂದ ಒಪ್ಪಿದ ಕೆಲಸ ದೊರೆಯುವುದೆಂದು ಕೇಳಬೇಕು. ಉತ್ತರ ಬಂದರೆ ಅದೊಂದು ಒಪ್ಪಿಗೆ. ಬಾರದಿದ್ದರೆ ಆ ಮೌನವೂ ಒಂದು ದಾಖಲೆ. ಮಾತನಾಡದೆ ಆರು ತಿಂಗಳು ಕಳೆದವನ ವಿಷಯದಲ್ಲಿ, ಬದಲಾದ ಕೆಲಸಕ್ಕೆ ಆತನು ಸಮ್ಮತಿಸಿದ್ದನೆಂದು ವಾದಿಸುವುದು ಬಲು ಸುಲಭ. ಕರಾರು ಮುರಿದ ದಾವೆಗೆ ಮೂರು ವರ್ಷಗಳ ಕಾಲಮಿತಿಯಿದೆ. ವಕೀಲರ ವೆಚ್ಚಕ್ಕೆ ಅಂಜುವವರು ಕಾನೂನು ನೆರವಿನ ಸಹಾಯವಾಣಿಯಾದ 15100ಕ್ಕೆ ಕರೆಮಾಡಬಹುದು, ಅಥವಾ ತಾಲ್ಲೂಕು ಕೋರ್ಟಿನ ಆವರಣದಲ್ಲಿಯೇ ಇರುವ ಕಾನೂನು ಸೇವಾ ಸಮಿತಿಗೆ ಹೋಗಬಹುದು. 1987ರ ಕಾಯ್ದೆಯಂತೆ ಮಹಿಳೆಯರಿಗೂ ಪರಿಶಿಷ್ಟ ಜಾತಿ ಪಂಗಡಗಳವರಿಗೂ ಆದಾಯದ ಮಿತಿಯಿಲ್ಲದೆ ಅಲ್ಲಿ ಉಚಿತ ನೆರವು ದೊರೆಯತಕ್ಕದ್ದು.

ಎಲ್ಲಕ್ಕಿಂತ ಹತ್ತಿರದ ಬಾಗಿಲು ಕಾಲೇಜಿನದು, ಅದನ್ನು ತಟ್ಟುವವರೇ ಕಡಿಮೆ. ಇಂಟರ್ನ್‌ಶಿಪ್ಪನ್ನು ಕಡ್ಡಾಯ ಮಾಡಿ ಅದಕ್ಕೆ ಅಂಕ ಕೊಡುವ ಸಂಸ್ಥೆಗೆ ಅದು ನಿಜವಾಗಿ ನಡೆಯುತ್ತಿದೆಯೆ ಎಂಬುದನ್ನು ನೋಡುವ ಹೊಣೆ ಇಲ್ಲದೆ ಹೋಗದು. ಮಾರ್ಗದರ್ಶಕರು ಮೊದಲ ತಿಂಗಳಲ್ಲಿಯೇ ಆಫರ್ ಲೆಟರನ್ನೂ ಲಾಗ್‌ಬುಕ್ಕನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿ, ಸತ್ಯ ಬರೆದ ವಿದ್ಯಾರ್ಥಿಗೆ ಅಂಕ ಕಳೆಯದೆ ಬೇರೆ ಸಂಸ್ಥೆಗೆ ಬದಲಾಯಿಸಿಕೊಳ್ಳಲು ಅನುಮತಿ ಕೊಟ್ಟರೆ, ಕೋರ್ಟು ಕೊಡಲಾರದ ಆ ಕಲಿಕೆಯನ್ನೇ ಅವರು ಕೊಟ್ಟಂತಾಗುತ್ತದೆ. ಅವರು ಕೊಡದಿದ್ದಲ್ಲಿ, ವಿಶ್ವವಿದ್ಯಾಲಯ ಅನುದಾನ ಆಯೋಗದ 2023ರ ನಿಯಮಾವಳಿಯಂತೆ ರಚಿತವಾಗಿರಬೇಕಾದ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ಸಮಿತಿಗೆ ಅರ್ಜಿ ಕೊಡಬಹುದು. ಸಮಿತಿಯು ಹದಿನೈದು ಕೆಲಸದ ದಿನಗಳಲ್ಲಿ ತನ್ನ ವರದಿಯನ್ನು ಕೊಡತಕ್ಕದ್ದು, ಅದು ತೃಪ್ತಿಕರವಾಗದಿದ್ದರೆ ಮತ್ತೆ ಹದಿನೈದು ದಿನಗಳೊಳಗೆ ಒಂಬುಡ್ಸ್‌ಪರ್ಸನ್ ಬಳಿಗೆ ಮೇಲ್ಮನವಿ, ಅಲ್ಲಿ ಮೂವತ್ತು ದಿನಗಳಲ್ಲಿ ತೀರ್ಮಾನ. ಸೆಮಿಸ್ಟರು ಮುಗಿಯುವುದರೊಳಗೆ ಉತ್ತರ ದೊರೆಯಬಹುದಾದ ದಾರಿ ಇದು.